ಹೇಂಟೆಯ ಗರಿ ಉದುರುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡವರು ಒಂದಲ್ಲ ಒಂದು ದಿನ ಕೇಳುವ ಮಾತು ಇದು: "ಕೋಳಿ ಬೋಳಾಗ್ತಿದೆ, ಯಾವ ಔಷಧಿ ಹಾಕಲಿ?" ನಾನು ಪ್ರತಿ ಸಲವೂ ತಿರುಗಿ ಕೇಳುತ್ತೇನೆ: "ಎಲ್ಲಿ ಬೋಳಾಗಿದೆ?" ಕೇಳಿದವರಿಗೆ ಸ್ವಲ್ಪ ಸಿಟ್ಟು ಬರುತ್ತದೆ. ಆದರೆ ಬೋಳಾದ ಜಾಗ ಗೊತ್ತಾದರೆ ಅರ್ಧ ಕಾರಣ ಗೊತ್ತಾದ ಹಾಗೆ.

ಗರಿ ಉದುರುವುದು ಕಂಡ ತಕ್ಷಣ ಏನು ಮಾಡಬೇಕು?

ಕೋಳಿಯನ್ನು ಕೈಗೆ ತೆಗೆದುಕೊಳ್ಳಿ. ದೂರದಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಕತ್ತಲಾದ ಮೇಲೆ, ಕೋಲಿನ ಮೇಲೆ ಕೂತು ತೂಕಡಿಸುತ್ತಿರುವಾಗ ಹಿಡಿದರೆ ಗಲಾಟೆ ಇಲ್ಲ. ಒಂದು ಟಾರ್ಚ್ ಇದ್ದರೆ ಸಾಕು.

ತಲೆಯಿಂದ ಶುರುಮಾಡಿ ಕುತ್ತಿಗೆ, ಬೆನ್ನು, ರೆಕ್ಕೆಯ ಒಳಗೆ, ಎದೆ, ಹಿಂಬದಿ, ಕಾಲು, ಅಂಗಾಲು, ಹೀಗೆ ಒಂದೊಂದನ್ನೇ ನೋಡಿ. ಗರಿಯನ್ನು ಎದುರು ದಿಕ್ಕಿಗೆ ಸವರಿ ಚರ್ಮ ನೋಡಿ. ಚರ್ಮ ತೆಳು ಗುಲಾಬಿ ಅಥವಾ ಹಳದಿ ಬಣ್ಣಕ್ಕೆ ನಯವಾಗಿದ್ದರೆ ಅಂಥ ಗಾಬರಿ ಬೇಡ. ಕೆಂಪಗೆ ಉರಿದಂತಿದ್ದರೆ, ಹೊಟ್ಟು ಕಟ್ಟಿದ್ದರೆ, ಗಾಯ ಇದ್ದರೆ ಕಾರಣ ಹುಡುಕಲೇಬೇಕು. ಎದೆಯ ನಡುಮೂಳೆಯನ್ನೂ ಮುಟ್ಟಿ ನೋಡಿ. ಅದು ಚಾಕುವಿನ ಅಲಗಿನ ಹಾಗೆ ಕೈಗೆ ಸಿಕ್ಕರೆ ಕೋಳಿ ಸೊರಗಿದೆ ಎಂದರ್ಥ. ಆಗ ಗರಿಯದ್ದು ಎರಡನೇ ಮಾತು.

ಹಾಗೆಯೇ ಬೋಳಾದ ಜಾಗದಲ್ಲಿ ಗರಿ ಹೇಗೆ ಹೋಗಿದೆ ಎಂದೂ ಗಮನಿಸಿ. ಬುಡಸಮೇತ ಹೋಗಿದೆಯಾ, ಇಲ್ಲ ಮುರಿದು ಮೊಂಡಾಗಿ ನಿಂತಿದೆಯಾ? ಈ ವ್ಯತ್ಯಾಸ ಮುಂದೆ ಉಪಯೋಗಕ್ಕೆ ಬರುತ್ತದೆ.

ಅಂಗಳದ ತುಂಬ ಗರಿ. ಕೋಳಿ ನೋಡಿದರೆ ಪಾಪ ಅನಿಸುತ್ತದೆ. ಆದರೆ ಚೆನ್ನಾಗಿ ತಿನ್ನುತ್ತಿದೆ. ಇದು ಕಾಯಿಲೆಯಾ?

ಬಹುಮಟ್ಟಿಗೆ ಅಲ್ಲ. ಹಳೇ ಗರಿ ಕಳಚಿ ಹೊಸದು ಬರುವ ಕಾಲ ಅದು. ಕೋಳಿಗೆ ಒಂದೂವರೆ ವರ್ಷದ ಆಸುಪಾಸಿನಲ್ಲಿ ಮೊದಲ ಸಲ ಪೂರ್ತಿ ಗರಿ ಬದಲಾಗುತ್ತದೆ, ಆಮೇಲೆ ವರ್ಷಕ್ಕೊಮ್ಮೆ. ಹಗಲು ಚಿಕ್ಕದಾಗುತ್ತಾ ಬಂದಾಗ ಇದು ಶುರುವಾಗುವುದು ಜಾಸ್ತಿ. ಬೆಳಕು ಕಡಿಮೆಯಾಯಿತು ಎಂದು ಮೈಗೆ ಗೊತ್ತಾಗುತ್ತದೆ, ಮೊಟ್ಟೆ ನಿಲ್ಲಿಸಿ ಗರಿಯ ಕೆಲಸಕ್ಕೆ ಇಳಿಯುತ್ತದೆ. ಹೊಟ್ಟೆಗಿಲ್ಲದೆ ಅಥವಾ ನೀರಿಲ್ಲದೆ ಒಂದೆರಡು ದಿನ ಕಳೆದರೆ, ತುಂಬಾ ಹೆದರಿದರೆ, ಅಕಾಲದಲ್ಲೂ ಗರಿ ಕಳಚಬಹುದು.

ಇದಕ್ಕೊಂದು ಕ್ರಮವಿದೆ. ಮೊದಲು ತಲೆ, ಆಮೇಲೆ ಕುತ್ತಿಗೆ, ಎದೆ, ಮೈ, ರೆಕ್ಕೆ, ಕೊನೆಗೆ ಬಾಲ. ಎರಡೂ ಬದಿ ಸಮನಾಗಿ ಹೋಗುತ್ತದೆ. ಒಂದೇ ಕಡೆ ಬೋಳಾಗಿದ್ದರೆ, ಅಥವಾ ಕುತ್ತಿಗೆ ಸರಿಯಿದ್ದು ಹಿಂಬದಿ ಮಾತ್ರ ಖಾಲಿಯಾಗಿದ್ದರೆ ಬೇರೆ ಕಾರಣ ಯೋಚಿಸಿ.

ಸಾಮಾನ್ಯವಾಗಿ 8ರಿಂದ 12 ವಾರ ಹಿಡಿಯುತ್ತದೆ. ಕೆಲವು ಕೋಳಿ ನಾಲ್ಕು ನಾಲ್ಕೇ ಗರಿ ಬಿಡುತ್ತಾ ತಿಂಗಳುಗಟ್ಟಲೆ ಎಳೆಯುತ್ತವೆ. ಇನ್ನು ಕೆಲವು ರಾತ್ರೋರಾತ್ರಿ ಬೋಳಾಗುತ್ತವೆ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದರೆ ಒಳಗೆ ದಿಂಬು ಹರಿದ ಹಾಗೆ ಇರುತ್ತದೆ. ನನ್ನ ಹತ್ತಿರ ಇದ್ದ ಒಂದು ಕರಿ ಹೇಂಟೆ ಹೀಗೇ ಮಾಡಿತ್ತು. ನಾಯಿ ನುಗ್ಗಿದೆ ಎಂದುಕೊಂಡು ಬೇಲಿಯೆಲ್ಲ ಹುಡುಕಿದ್ದೆ. ತಮಾಷೆ ಎಂದರೆ, ತಡವಾಗಿ ಶುರುಮಾಡಿ ಬೇಗ ಮುಗಿಸುವ ಇಂಥ ಕೋಳಿಗಳೇ ಹೆಚ್ಚಾಗಿ ಒಳ್ಳೆಯ ಮೊಟ್ಟೆ ಕೋಳಿಗಳು.

ಈ ಸಮಯದಲ್ಲಿ ಏನು ತಿನ್ನಿಸಬೇಕು?

ಗರಿಯಲ್ಲಿ ಸುಮಾರು ಶೇ. 85ರಷ್ಟು ಪ್ರೋಟೀನ್ ಇರುತ್ತದೆ. ಮೊಟ್ಟೆ ಕೋಳಿಗೆಂದು ಮಾರುವ ಫೀಡ್‌ನಲ್ಲಿ ಸಾಮಾನ್ಯವಾಗಿ ಶೇ. 16ರಷ್ಟು ಪ್ರೋಟೀನ್ ಇರುತ್ತದೆ. ಗರಿ ಬದಲಾಗುವಾಗ ಅದನ್ನು 18ರಿಂದ 20ಕ್ಕೆ ಏರಿಸಿದರೆ ಕೋಳಿ ಬೇಗ ಸುಧಾರಿಸುತ್ತದೆ. ಬೆಳೆಯುವ ಕೋಳಿಗಳ ಫೀಡ್ ಕೊಡಬಹುದು. ಇಲ್ಲವಾದರೆ ಮಾಮೂಲಿ ಫೀಡ್ ಜೊತೆ ಬೇಯಿಸಿದ ಮೊಟ್ಟೆ, ಒಣಮೀನಿನ ಪುಡಿ, ಸೂರ್ಯಕಾಂತಿ ಬೀಜ. ಉಪ್ಪು ಹಾಕಿದ ಒಣಮೀನು ಬೇಡ.

ಹೊಟ್ಟೆ ತುಂಬಲಿ ಎಂದು ಕಾಳು ಸುರಿಯುವುದು ಇಲ್ಲಿ ದೊಡ್ಡ ತಪ್ಪು. ಕಾಳಿನಲ್ಲಿ ಶಕ್ತಿ ಇದೆ, ಗರಿ ಕಟ್ಟಲು ಬೇಕಾದ್ದು ಕಡಿಮೆ. ಕೋಳಿ ಕಾಳು ತಿಂದು ತೃಪ್ತಿಯಾಗಿ ಫೀಡ್ ಬಿಡುತ್ತದೆ. ಸುಣ್ಣದ ಅಂಶಕ್ಕೆ ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿ ಇಡಿ, ಬೇಕಾದಾಗ ಅವೇ ತಿನ್ನುತ್ತವೆ.

ಮೊಟ್ಟೆ ನಿಂತಿದೆ. ರಾತ್ರಿ ದೀಪ ಹಾಕಿದರೆ ಮತ್ತೆ ಇಡುತ್ತಾ?

ಇಡಬಹುದು. ಆದರೆ ನಾನಂತೂ ಗರಿ ಬರುವ ತನಕ ಹಾಕುವುದಿಲ್ಲ. ಅದರ ಮೈಗೆ ಅದೊಂದೇ ರಜೆ.

ಮುಳ್ಳಿನ ಹಾಗೆ ಏನೋ ಎದ್ದಿದೆ. ಮುಟ್ಟಿದರೆ ಕಿರುಚುತ್ತದೆ.

ಅವು ಎಳೇ ಗರಿಗಳು. ಹೊಸ ಗರಿ ತೆಳು ಕೊಳವೆಯೊಳಗೆ ಸುರುಳಿ ಸುತ್ತಿಕೊಂಡು ಬರುತ್ತದೆ. ಆಗ ಅದರೊಳಗೆ ರಕ್ತ ಹರಿಯುತ್ತಿರುತ್ತದೆ, ಅದಕ್ಕೇ ಬುಡ ನೀಲಿ ಕಾಣುವುದು. ಮುಟ್ಟಿದರೆ ನೋಯುತ್ತದೆ. ಆ ದಿನಗಳಲ್ಲಿ ಎತ್ತಿ ಮುದ್ದು ಮಾಡುವುದು ಬೇಡ. ಒಂದು ಮುರಿದು ರಕ್ತ ಸುರಿದರೆ ಚೊಕ್ಕ ಬಟ್ಟೆಯಲ್ಲಿ ಕೆಲವು ನಿಮಿಷ ಒತ್ತಿ ಹಿಡಿಯಿರಿ, ಮೇಲೆ ಸ್ವಲ್ಪ ಕಾರ್ನ್‌ಫ್ಲೋರ್ ಒತ್ತಿ. ರಕ್ತ ನಿಂತು ತೊಳೆಯುವ ತನಕ ಬೇರೆ ಕೋಳಿಗಳ ಕಣ್ಣಿಗೆ ಬೀಳದ ಹಾಗೆ ಇಡಿ.

ಬೆನ್ನು ಮತ್ತು ತಲೆಯ ಹಿಂಭಾಗ ಮಾತ್ರ ಬೋಳು. ಬೇರೆ ಕಡೆ ಗರಿ ಚೆನ್ನಾಗಿದೆ.

ಮನೆಯಲ್ಲಿ ಹುಂಜ ಇದೆಯಾ? ಇದ್ದರೆ ಅದೇ ಕಾರಣ. ಹುಂಜ ಮೆಟ್ಟುವಾಗ ಕೊಕ್ಕಿನಲ್ಲಿ ಹೇಂಟೆಯ ತಲೆಯ ಹಿಂದಿನ ಗರಿ ಹಿಡಿಯುತ್ತದೆ, ಕಾಲುಗಳಿಂದ ಬೆನ್ನಿನ ಮೇಲೆ ಹಿಡಿತ ಸಾಧಿಸುತ್ತದೆ. ಗರಿ ಮುರಿಯುತ್ತದೆ, ಆಮೇಲೆ ಚರ್ಮವೂ ಹರಿಯುತ್ತದೆ. ರೆಕ್ಕೆಯ ಕೆಳಗೆ, ಪಕ್ಕೆಯಲ್ಲಿ ಉದ್ದಕ್ಕೆ ಸೀಳಿದ ಗಾಯ ಇರಬಹುದು. ಗರಿ ಮುಚ್ಚಿಕೊಂಡಿರುವುದರಿಂದ ಕಾಣುವುದಿಲ್ಲ, ಕೈಹಾಕಿ ನೋಡಬೇಕು.

ಒಂದು ಹುಂಜಕ್ಕೆ 8ರಿಂದ 10 ಹೇಂಟೆ ಇದ್ದರೆ ಹೊರೆ ಹಂಚಿಹೋಗುತ್ತದೆ. ಮೂರು ಹೇಂಟೆಗೆ ಎರಡು ಹುಂಜ ಇಟ್ಟುಕೊಂಡರೆ ಬೋಳು ಬೆನ್ನು ಖಂಡಿತ. ಹತ್ತಿದ್ದರೂ ಹುಂಜಕ್ಕೆ ಮೆಚ್ಚಿನ ಒಂದೆರಡು ಇರುತ್ತವೆ, ಪಾಪ, ಅವೇ ಬೋಳಾಗುವುದು. ಹುಂಜವನ್ನು ಕೆಲವು ವಾರ ಬೇರೆ ಇಡಿ. ಅದರ ಉಗುರಿನ ತುದಿ, ಕಾಲಮುಳ್ಳಿನ ಚೂಪನ್ನು ಉಜ್ಜಿ ಮೊಂಡು ಮಾಡಿ. ಆಳಕ್ಕೆ ಕತ್ತರಿಸಬೇಡಿ, ಒಳಗೆ ರಕ್ತನಾಳ ಇರುತ್ತದೆ.

ಹೇಂಟೆಯ ಬೆನ್ನಿಗೆ ಕಟ್ಟುವ ಬಟ್ಟೆಯ ಕವಚವೂ ಸಿಗುತ್ತದೆ, ದಪ್ಪ ಬಟ್ಟೆಯಲ್ಲಿ ಮನೆಯಲ್ಲೇ ಹೊಲಿಯಬಹುದು. ರೆಕ್ಕೆಗಳನ್ನು ತೂರಿಸಲು ಎರಡು ಎಲಾಸ್ಟಿಕ್ ಪಟ್ಟಿ ಇದ್ದರೆ ಸಾಕು. ಆದರೆ ಹಾಕಿ ಮರೆತುಬಿಡಬೇಡಿ. ಅದರಡಿ ಹೇನು ಸೇರುವುದು ಬಹಳ ಸುಲಭ.

ಹುಂಜವೇ ಇಲ್ಲ. ಆದರೂ ಬೆನ್ನು, ಬಾಲದ ಬುಡ ಬೋಳು.

ಹಾಗಾದರೆ ಕಳ್ಳ ಗೂಡಿನೊಳಗೇ ಇದ್ದಾನೆ. ಕೋಳಿಗಳು ಒಂದರ ಗರಿ ಒಂದು ಕಿತ್ತು ತಿನ್ನುತ್ತವೆ. ಸಂಜೆ ಗೂಡು ಸೇರುವ ಹೊತ್ತಿಗೆ ಹದಿನೈದು ನಿಮಿಷ ಸುಮ್ನೆ ಕೂತು ನೋಡಿ. ಎಲ್ಲರ ಗರಿ ಹೋಗಿ ಒಬ್ಬಳ ಗರಿ ಮಾತ್ರ ಮಿರಿಮಿರಿ ಮಿಂಚುತ್ತಿದ್ದರೆ ಅವಳೇ ಆ ಕಳ್ಳಿ.

ಕಾರಣ ಹೆಚ್ಚಾಗಿ ಇಕ್ಕಟ್ಟು. ಒಂದು ಕೋಳಿಗೆ ಗೂಡಿನೊಳಗೆ 4 ಚದರಡಿ, ಹೊರಗೆ 8ರಿಂದ 10 ಚದರಡಿ ಆದರೂ ಬೇಕು. ಇದಕ್ಕಿಂತ ಜಾಸ್ತಿ ಕೊಟ್ಟರೆ ಇನ್ನೂ ಒಳ್ಳೆಯದು. ಮೇವಿನ ಬಟ್ಟಲು ಒಂದೇ ಇದ್ದರೆ ಜಗಳ, ಎರಡು ಮೂರು ಕಡೆ ಇಡಿ. ಪ್ರೋಟೀನ್ ಅಥವಾ ಉಪ್ಪಿನ ಅಂಶ ಕಡಿಮೆಯಾದರೂ ಗರಿ ತಿನ್ನುತ್ತವೆ. ಮನೆಯ ಉಳಿಕೆಯಲ್ಲೇ ಸಾಕುವವರ ಕೋಳಿಗಳಲ್ಲಿ ಇದು ಜಾಸ್ತಿ. ತೀಕ್ಷ್ಣ ಬೆಳಕು, ಸೆಕೆ, ಹೊಸ ಕೋಳಿ ಸೇರಿಸಿದ್ದು, ಎಲ್ಲವೂ ಕಿಡಿ ಹೊತ್ತಿಸುತ್ತವೆ.

ಮತ್ತೊಂದು, ಬೇಸರ. ಕೋಳಿ ದಿನದ ಬಹುಪಾಲು ಹೊತ್ತು ಕೆದಕುತ್ತಾ ಕುಕ್ಕುತ್ತಾ ಕಳೆಯುವ ಪ್ರಾಣಿ. ಕೆದಕಲು ನೆಲ ಇಲ್ಲದಿದ್ದರೆ ಪಕ್ಕದವಳ ಬೆನ್ನು ಇದೆಯಲ್ಲ! ಒಣ ಎಲೆಯ ರಾಶಿ ಹಾಕಿ, ಅದರಲ್ಲಿ ನಾಲ್ಕು ಕಾಳು ಚೆಲ್ಲಿ. ಸೊಪ್ಪನ್ನು ಎತ್ತರಕ್ಕೆ ಕಟ್ಟಿ. ಕಿತ್ತುವ ಹೇಂಟೆಯನ್ನು ಉಳಿದವು ಕಾಣುವ ಹಾಗೆ ಒಂದು ವಾರ ಬೇರೆ ಬಿಡಿ. ವಾಪಸ್ ಬಂದಾಗ ಅವಳ ದರ್ಪ ಸ್ವಲ್ಪ ಇಳಿದಿರುತ್ತದೆ. ಕೊಕ್ಕು ಕತ್ತರಿಸುವ ಯೋಚನೆ ಬೇಡವೇ ಬೇಡ. ಅದು ಕೋಳಿಗೆ ನೋವು, ನಿಮಗೆ ಮೂಲ ಕಾರಣ ಹಾಗೇ ಉಳಿಯುತ್ತದೆ.

ಕುಕ್ಕಿ ಕುಕ್ಕಿ ಗಾಯವಾಗಿದೆ. ಏನು ಹಚ್ಚಲಿ?

ಮೊದಲು ಬೇರೆ ಮಾಡಿ. ರಕ್ತದ ಕೆಂಪು ಕಂಡರೆ ಇಡೀ ಗುಂಪು ಮೇಲೆ ಬೀಳುತ್ತದೆ, ಒಂದೇ ಮಧ್ಯಾಹ್ನದಲ್ಲಿ ಕೋಳಿ ಸಾಯಬಹುದು. ಕಾಯಿಸಿ ಆರಿಸಿದ ನೀರಿಗೆ ಸ್ವಲ್ಪ ಉಪ್ಪು ಹಾಕಿ ಗಾಯ ತೊಳೆಯಿರಿ. ಪೊವಿಡೋನ್ ಅಯೋಡಿನ್ ಅನ್ನು ತೆಳು ಚಹಾ ಬಣ್ಣಕ್ಕೆ ತೆಳುಮಾಡಿ ಹಚ್ಚಿ. ನೇರಳೆ ಬಣ್ಣದ ಜೆನ್ಷಿಯನ್ ವಯೊಲೆಟ್ ಹಳೆಯ ಪದ್ಧತಿ, ಆದರೆ ಮೊಟ್ಟೆ ಮಾಂಸಕ್ಕೆ ಸಾಕುವ ಪ್ರಾಣಿಗಳಿಗೆ ಅದು ಬೇಡ ಎಂದು ಕೆಲವು ದೇಶಗಳಲ್ಲಿ ತಡೆದಿದ್ದಾರೆ. ಮನುಷ್ಯರ ನೋವಿನ ಮುಲಾಮುಗಳನ್ನು ಕೇಳದೆ ಹಚ್ಚಬೇಡಿ. ಗಾಯ ಪೂರ್ತಿ ಒಣಗಿ ಚರ್ಮ ಮುಚ್ಚಿದ ಮೇಲೇ ಗುಂಪಿಗೆ ಬಿಡಿ.

ಎದೆ, ಹೊಟ್ಟೆ ಬೋಳು. ಗೂಡು ಬಿಟ್ಟು ಏಳುವುದಿಲ್ಲ, ಮುಟ್ಟಿದರೆ ಗುರ್ ಎನ್ನುತ್ತದೆ.

ಕಾವಿಗೆ ಕೂತಿದೆ ಅಷ್ಟೇ. ಮೊಟ್ಟೆಗೆ ಮೈಯ ಬಿಸಿ ನೇರವಾಗಿ ತಾಗಲಿ ಎಂದು ಎದೆಯ ಗರಿ ಕಳೆದುಕೊಳ್ಳುತ್ತದೆ. ಚರ್ಮ ಬೆಚ್ಚಗೆ, ನಯವಾಗಿ ಇರುತ್ತದೆ. ಆದರೆ ಕಾವಿಗೆ ಕೂತ ಕೋಳಿ ಮಣ್ಣಲ್ಲಿ ಹೊರಳಾಡುವುದು ಕಡಿಮೆ, ಹೇನು ನುಸಿ ಹತ್ತುವುದು ಜಾಸ್ತಿ. 21 ದಿನದಲ್ಲಿ ಎರಡು ಸಲವಾದರೂ ಗರಿ ಬಿಡಿಸಿ ನೋಡಿ.

ಹೇನು ಇದೆಯೋ ನುಸಿ ಇದೆಯೋ ಗೊತ್ತಾಗುವುದು ಹೇಗೆ?

ಹಿಂಬದಿಯ ಗರಿ ಬಿಡಿಸಿ ನೋಡಿ. ಅಲ್ಲೇ ಇಬ್ಬರೂ ಸಿಗುವುದು.

ಹೇನು ಹುಲ್ಲಿನ ಬಣ್ಣದ್ದು, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಬೆಳಕು ಬಿದ್ದ ತಕ್ಷಣ ಓಡುತ್ತದೆ. ಗರಿಯ ಬುಡದಲ್ಲಿ ಬಿಳಿ ಸೀರು ಗಂಟುಗಂಟಾಗಿ ಅಂಟಿರುತ್ತದೆ, ಸಕ್ಕರೆ ಮೆತ್ತಿದ ಹಾಗೆ. ಕೋಳಿ ಹೇನು ಗರಿ, ಚರ್ಮದ ಹೊಟ್ಟು ಕಚ್ಚಿ ತಿನ್ನುತ್ತದೆ. ತುರಿಕೆ ತಡೆಯಲಾರದೆ ಕೋಳಿ ತನ್ನ ಗರಿಯನ್ನು ತಾನೇ ಕಿತ್ತುಕೊಳ್ಳುತ್ತದೆ.

ನುಸಿ ಬಹಳ ಸಣ್ಣದು. ಚಲಿಸುವ ಮೆಣಸಿನ ಪುಡಿಯ ಹಾಗೆ. ಮೈಮೇಲೇ ವಾಸಿಸುವ ಜಾತಿ ಹಿಂಬದಿಯಲ್ಲಿ ಗುಂಪು ಕಟ್ಟುತ್ತದೆ, ಗರಿ ಕೊಳೆಯಾಗಿ ಕಪ್ಪಾಗುತ್ತದೆ, ಚರ್ಮ ಕಜ್ಜಿಯಾಗುತ್ತದೆ. ಇದು ರಕ್ತ ಕುಡಿಯುತ್ತದೆ. ಜುಟ್ಟು ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆಯಾಗಿದೆ ಎಂದು ತಿಳಿಯಿರಿ. ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರ ಸಾಕು, ಅದಕ್ಕೇ ಅಷ್ಟು ಬೇಗ ಹರಡುವುದು.

ಹಗಲು ಹುಡುಕಿದರೆ ಮೈಮೇಲೆ ಏನೂ ಇಲ್ಲ. ಆದರೂ ಕೋಳಿಗಳು ರಾತ್ರಿ ಗೂಡಿಗೆ ಹೋಗಲು ಒಲ್ಲೆ ಎನ್ನುತ್ತವೆ.

ಇದು ಕೆಂಪು ನುಸಿಯ ಗುರುತು. ಈ ನುಸಿ ಕೋಳಿಯ ಮೇಲೆ ಇರುವುದಿಲ್ಲ. ಹಗಲು ಮರದ ಸಂದು, ಮೊಳೆ ತೂತು, ಕೋಲಿನ ತುದಿಯಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಕುಡಿದು ಹೋಗುತ್ತದೆ. ಕೋಳಿ ಕೂರುವ ಕೋಲಿನ ಅಡಿಭಾಗವನ್ನು ಕತ್ತಲಲ್ಲಿ ಬಿಳಿ ಕಾಗದದಿಂದ ಒರೆಸಿ. ಕೆಂಪು ಗೆರೆ ಮೂಡಿದರೆ ಸಿಕ್ಕಿತು.

ಇಲ್ಲಿ ಕೋಳಿಗೆ ಎಷ್ಟು ಪುಡಿ ಹಾಕಿದರೂ ವ್ಯರ್ಥ, ಮದ್ದು ಬೇಕಾದ್ದು ಗೂಡಿಗೆ. ನಾನು ಮೊದಲ ಸಲ ಇದನ್ನು ತಿಳಿಯದೆ ಎರಡು ತಿಂಗಳು ಕೋಳಿಗಳಿಗೆ ಪುಡಿ ಬಳಿದಿದ್ದೆ. ಹಾಸು ಪೂರ್ತಿ ತೆಗೆದು ದೂರ ಹಾಕಿ ಸುಡಿ. ಕೋಲುಗಳನ್ನು ಬಿಚ್ಚಿ ಹೊರಗೆ ತನ್ನಿ. ಸಂದುಗಳಿಗೆ ಕುದಿನೀರು ಅಥವಾ ಆವಿ ಹಾಯಿಸಿ, ಒಣಗಿಸಿ, ಆಮೇಲೆ ನುಸಿ ಔಷಧಿ ಬಳಿಯಿರಿ. ಒಂದು ವಾರಕ್ಕೆ ಮತ್ತೆ, ಇನ್ನೊಂದು ವಾರಕ್ಕೆ ಇನ್ನೊಮ್ಮೆ. ಗೂಡು ಖಾಲಿ ಬಿಟ್ಟರೆ ಹಸಿದು ಸಾಯುತ್ತವೆ ಎಂದುಕೊಳ್ಳಬೇಡಿ. ತಿನ್ನದೆ ತಿಂಗಳುಗಟ್ಟಲೆ ಬದುಕಿರುವ ಪ್ರಾಣಿ ಅದು.

ಯಾವ ಔಷಧಿ? ಮೊಟ್ಟೆ ತಿನ್ನಬಹುದಾ?

ಕೋಳಿಗೆಂದೇ ಬರೆದಿರುವ ಪರ್ಮೆಥ್ರಿನ್ ಪುಡಿ ಹೇನು ನುಸಿ ಎರಡಕ್ಕೂ ಬಳಕೆಯಲ್ಲಿದೆ. ಹಿಂಬದಿ, ರೆಕ್ಕೆಯ ಒಳಗೆ, ಕುತ್ತಿಗೆಗೆ ತಾಗುವ ಹಾಗೆ ಹಾಕಬೇಕು. ಕಣ್ಣು ಮೂಗಿಗೆ ಬೇಡ. ಅದು ಹೇನಿನ ಸೀರನ್ನು ಕೊಲ್ಲುವುದಿಲ್ಲ, ಆದ್ದರಿಂದ 7ರಿಂದ 10 ದಿನಕ್ಕೆ ಎರಡನೇ ಸಲ ಹಾಕಲೇಬೇಕು. ಹೆಚ್ಚಿನವರು ಸೋಲುವುದು ಈ ಎರಡನೇ ಸಲದಲ್ಲೇ. ಒಂದು ಕೋಳಿಗೆ ಹಾಕಿದರೆ ಎಲ್ಲಕ್ಕೂ ಹಾಕಿ. ಮನೆಯಲ್ಲಿ ಬೆಕ್ಕು ಅಥವಾ ಮೀನಿದ್ದರೆ ಹುಷಾರು, ಅವಕ್ಕೆ ಪರ್ಮೆಥ್ರಿನ್ ವಿಷ.

ಐವರ್ಮೆಕ್ಟಿನ್ ಅನ್ನು ಪಶುವೈದ್ಯರು ಹೇಳಿದರೆ ಮಾತ್ರ ಕೊಡಿ, ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಅವರನ್ನೇ ಕೇಳಿ. ನಾಯಿಯ ಚಿಗಟಕ್ಕೆ ಹಾಕುವ ಹನಿಗಳನ್ನು ಕೋಳಿಗೆ ಹಾಕುವವರೂ ಇದ್ದಾರೆ. ಅವುಗಳಲ್ಲಿ ಎಷ್ಟೋ ಸಲ ಇರುವುದು ಫಿಪ್ರೊನಿಲ್. 2017ರಲ್ಲಿ ಯುರೋಪಿನ ಹಲವು ದೇಶಗಳಲ್ಲಿ ಲಕ್ಷಾಂತರ ಮೊಟ್ಟೆಗಳನ್ನು ಅಂಗಡಿಗಳಿಂದ ವಾಪಸ್ ತರಿಸಬೇಕಾಯಿತು. ಕೆಂಪು ನುಸಿಗೆಂದು ಕೋಳಿ ಫಾರಂಗಳಿಗೆ ಹೊಡೆದ ಮದ್ದಿನಲ್ಲಿ ಇದೇ ಫಿಪ್ರೊನಿಲ್ ಸೇರಿತ್ತು, ಅದು ಮೊಟ್ಟೆಗೂ ಇಳಿದಿತ್ತು. ನಮ್ಮ ಮನೆಯ ಮೊಟ್ಟೆ ತಿನ್ನುವವರು ನಮ್ಮ ಮಕ್ಕಳೇ ಅಲ್ವಾ?

ಬೂದಿಯಲ್ಲಿ ಹೊರಳಾಡಿಸಿದರೆ ಸಾಲದೇ?

ಹೇನು ಬರದ ಹಾಗೆ ತಡೆಯಲು ಒಳ್ಳೆಯದು. ಹತ್ತಿದ್ದನ್ನು ಪೂರ್ತಿ ಓಡಿಸಲು ಸಾಲದು. ಒಣ ಮಣ್ಣು, ಮರಳು, ಪೂರ್ತಿ ಆರಿದ ಕಟ್ಟಿಗೆ ಬೂದಿ ಬೆರೆಸಿ ಮಳೆ ಬೀಳದ ಜಾಗದಲ್ಲಿ ಒಂದು ತೊಟ್ಟಿ ಇಡಿ. ಬೂದಿ ಒದ್ದೆಯಾದರೆ ಚರ್ಮ ಸುಡುತ್ತದೆ. ಡಯಾಟಮ್ ಮಣ್ಣು ಎಂದು ಮಾರುವ ಬಿಳಿ ಪುಡಿ ಬಳಸುವುದಾದರೆ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಅದರ ದೂಳು ನಿಮ್ಮ ಶ್ವಾಸಕೋಶಕ್ಕೂ ಕೋಳಿಯದ್ದಕ್ಕೂ ಒಳ್ಳೆಯದಲ್ಲ.

ಕಾಲಿನ ಹುರುಪೆ ಎದ್ದು ದಪ್ಪವಾಗಿದೆ.

ಹುರುಪೆಯ ಅಡಿಯಲ್ಲಿ ಬಿಲ ತೋಡುವ ಇನ್ನೊಂದು ಜಾತಿಯ ನುಸಿ. ಬಿಟ್ಟರೆ ಬೆರಳು ಸೊಟ್ಟಗಾಗಿ ಕೋಳಿ ಕುಂಟುತ್ತದೆ. ಬೆಚ್ಚನೆ ಸೋಪು ನೀರಲ್ಲಿ ಕಾಲನ್ನು ಸ್ವಲ್ಪ ಹೊತ್ತು ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿ, ಒರೆಸಿ, ದಪ್ಪಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಉಸಿರುಗಟ್ಟಿ ನುಸಿ ಸಾಯುತ್ತದೆ. ಎರಡು ಮೂರು ದಿನಕ್ಕೊಮ್ಮೆಯಂತೆ ಕೆಲವು ವಾರ ಮಾಡಬೇಕು. ಹುರುಪೆಯನ್ನು ಕೀಳಬೇಡಿ, ರಕ್ತ ಬರುತ್ತದೆ. ಸೀಮೆಎಣ್ಣೆ, ಡೀಸೆಲ್ ಹಚ್ಚುವ ಹಳೇ ಉಪಾಯ ಚರ್ಮ ಸುಡುತ್ತದೆ. ನುಸಿ ಸತ್ತರೂ ಕಾಲು ನಯವಾಗಲು ತಿಂಗಳುಗಳು ಬೇಕು, ಮದ್ದು ಕೆಲಸ ಮಾಡಲಿಲ್ಲ ಎಂದುಕೊಳ್ಳಬೇಡಿ.

ಜುಟ್ಟು, ಮುಖದ ಮೇಲೆ ಕಪ್ಪು ಗಂಟುಗಳು ಎದ್ದಿವೆ.

ಕೋಳಿ ಸಿಡುಬು ಇರಬಹುದು. ಸೊಳ್ಳೆಯಿಂದ ಹರಡುವ ವೈರಸ್. ಮೊದಲು ಬೊಕ್ಕೆ, ಆಮೇಲೆ ಕಪ್ಪು ಹಕ್ಕಳೆ. ಒಣ ಸಿಡುಬಾದರೆ ಕೆಲವು ವಾರಗಳಲ್ಲಿ ತಾನಾಗಿ ಉದುರುತ್ತದೆ. ಹಕ್ಕಳೆ ಕೀಳಬೇಡಿ, ವೈರಸ್ ಅದರಲ್ಲೇ ಇರುತ್ತದೆ. ಬಾಯಿ ಬಿಡಿಸಿ ನೋಡಿ. ಒಳಗೆ ಹಳದಿ ಪೊರೆ ಕಟ್ಟಿದ್ದರೆ ಉಸಿರಾಟಕ್ಕೇ ಅಪಾಯ, ತಕ್ಷಣ ವೈದ್ಯರಿಗೆ ತೋರಿಸಿ. ಈ ವೈರಸ್‌ಗೆ ಔಷಧಿ ಇಲ್ಲ, ಲಸಿಕೆ ಇದೆ.

ಗಂಟು ಅಲ್ಲದೆ ಕಣ್ಣಿನ ಸುತ್ತ ಕಪ್ಪು ಕಾಳು ಅಂಟಿಸಿದ ಹಾಗಿದ್ದರೆ ಅವು ಕಚ್ಚಿ ಹಿಡಿದ ಚಿಗಟಗಳು. ಬಿಳಿ ಹಿಟ್ಟು ಉದುರಿಸಿದ ಹಾಗಿದ್ದರೆ ಬೂಷ್ಟಿನ ಸೋಂಕು.

ಹಿಂಬದಿ ಸದಾ ಒದ್ದೆ, ಕೆಟ್ಟ ವಾಸನೆ, ಅಲ್ಲಿನ ಗರಿ ಹೋಗಿದೆ.

ಬಿಳಿ ಲೋಳೆ ಅಂಟಿ ಹುಳಿ ವಾಸನೆ ಬರುತ್ತಿದ್ದರೆ ಗುದದ್ವಾರದ ಸೋಂಕು. ಎಷ್ಟೋ ಸಲ ಬೂಷ್ಟು ಇದಕ್ಕೆ ಕಾರಣ. ಬೆಚ್ಚನೆ ನೀರಲ್ಲಿ ತೊಳೆದು, ಮೆತ್ತಿಕೊಂಡ ಗರಿ ಕತ್ತರಿಸಿ, ಚೆನ್ನಾಗಿ ಒಣಗಿಸಿ, ವೈದ್ಯರಿಗೆ ತೋರಿಸಿ. ಇದನ್ನು ನಾಳೆಗೆ ಮುಂದೂಡಬೇಡಿ. ಕೊಳಕು ಗರಿಯಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಬೀಳುತ್ತದೆ, ಹುಳ ಬದುಕಿರುವ ಮಾಂಸವನ್ನೇ ತಿನ್ನುತ್ತದೆ. ಹುಳ ಕಂಡರೆ ಉಪ್ಪುನೀರಲ್ಲಿ ಮತ್ತೆ ಮತ್ತೆ ತೊಳೆದು ಚಿಮಟದಿಂದ ಒಂದೂ ಬಿಡದೆ ತೆಗೆಯಿರಿ, ಮನೆಯೊಳಗೆ ನೊಣ ಬರದ ಕಡೆ ಇಡಿ.

ಅಂಗಾಲಿನಲ್ಲಿ ಕಪ್ಪು ಹಕ್ಕಳೆಯ ಬಾವು ಇದೆ.

ಸಣ್ಣ ಗಾಯದಿಂದ ಒಳಹೋದ ಬ್ಯಾಕ್ಟೀರಿಯಾ ಕೀವು ಕಟ್ಟಿಸಿದೆ. ಬ್ಲೇಡ್ ಹಿಡಿದು ನೀವೇ ಕೊಯ್ಯಬೇಡಿ. ಕೋಲಿನ ಎತ್ತರ ಇಳಿಸಿ, ಸಿಬಿರು ಉಜ್ಜಿ.

ಇವೆಲ್ಲ ಮನುಷ್ಯರಿಗೆ ಹತ್ತುತ್ತವಾ?

ನುಸಿ ಕಚ್ಚುತ್ತದೆ, ತುರಿಸುತ್ತದೆ, ಆದರೆ ನಮ್ಮ ಮೈಮೇಲೆ ಸಂಸಾರ ಹೂಡುವುದಿಲ್ಲ. ಕೋಳಿ ಹೇನು ನಮ್ಮ ತಲೆಗೆ ಹತ್ತುವುದಿಲ್ಲ. ಕೋಳಿ ಸಿಡುಬು ನಮಗೆ ಬರುವುದಿಲ್ಲ. ಜುಟ್ಟಿನ ಬೂಷ್ಟು ಅಪರೂಪಕ್ಕೆ ಬರಬಹುದು. ಗಾಯ, ಕೀವು ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ.

ಹೋದ ಗರಿ ಯಾವಾಗ ಬರುತ್ತದೆ?

ಮೊದಲ ಉತ್ತರದಲ್ಲಿ ಹೇಳಿದ ಮೊಂಡು ಗರಿ ನೆನಪಿದೆಯಲ್ಲ? ಬುಡಸಮೇತ ಕಿತ್ತುಹೋದ ಜಾಗದಲ್ಲಿ ಕೆಲವೇ ವಾರಗಳಲ್ಲಿ ಎಳೇ ಗರಿ ಮೂಡುತ್ತದೆ. ಮುರಿದು ಬುಡ ಉಳಿದಿದ್ದರೆ, ಆ ಬುಡ ಕಳಚುವ ತನಕ, ಅಂದರೆ ಮುಂದಿನ ಗರಿ ಬದಲಾವಣೆಯ ತನಕ ಕಾಯಬೇಕು. ಹುಂಜ ಮೆಟ್ಟಿದ ಬೆನ್ನು ತಿಂಗಳುಗಟ್ಟಲೆ ಬೋಳಾಗಿಯೇ ಇರುವುದು ಇದಕ್ಕೇ. ಒಂದೇ ಜಾಗದಲ್ಲಿ ಪದೇ ಪದೇ ಕಿತ್ತರೆ ಕೆಲವೊಮ್ಮೆ ಗರಿ ಬರುವುದೇ ನಿಲ್ಲುತ್ತದೆ.

ಮರಿಯಾಗಿದ್ದಾಗಿನಿಂದಲೂ ಕುತ್ತಿಗೆ ಬೋಳು.

ಅದು ಬೋಳು ಕುತ್ತಿಗೆ ತಳಿ. ಒಂದು ಜೀನ್‌ನಿಂದ ಹಾಗಾಗುತ್ತದೆ, ಮೈಯ ಗರಿಯೂ ಕಡಿಮೆ ಇರುತ್ತದೆ. ಸೆಕೆ ತಡೆಯುವುದರಲ್ಲಿ ಇವು ಗಟ್ಟಿ. ಮದ್ದು ಬೇಡ, ಬಿಟ್ಟುಬಿಡಿ.

ವೈದ್ಯರ ಹತ್ತಿರ ಯಾವಾಗ ಹೋಗಬೇಕು?

ತಿನ್ನುವುದು ಬಿಟ್ಟರೆ, ಜುಟ್ಟು ಬಿಳಿಚಿದರೆ ಅಥವಾ ನೀಲಿಯಾದರೆ, ಚರ್ಮ ಕಪ್ಪಾಗಿ ನೀರೂರಿದರೆ, ಗಾಯ ಆಳವಾಗಿದ್ದರೆ, ಎರಡು ಸಲ ಮದ್ದು ಹಾಕಿದರೂ ನುಸಿ ಉಳಿದಿದ್ದರೆ. ಒಟ್ಟೊಟ್ಟಿಗೆ ಹಲವು ಕೋಳಿ ಮಂಕಾದರೆ ಅಥವಾ ಸತ್ತರೆ ಒಂದು ಗಂಟೆಯೂ ಕಾಯಬೇಡಿ.

ಬೋಳಾದ ಕೋಳಿಗೆ ಚಳಿಯಾಗುತ್ತದೆ. ಸ್ವೆಟರ್ ಹೆಣೆದು ಹಾಕಲಾ?

ಫೋಟೋದಲ್ಲಿ ಚಂದ ಕಾಣುತ್ತದೆ. ಆದರೆ ಎಳೇ ಗರಿಗೆ ಉಣ್ಣೆ ಉಜ್ಜಿ ನೋವಾಗುತ್ತದೆ, ಒದ್ದೆಯಾದರೆ ಚಳಿ ಇನ್ನೂ ಜಾಸ್ತಿ, ಒಳಗೆ ನುಸಿಗೆ ಬೆಚ್ಚನೆ ಮನೆ. ಗೂಡಿಗೆ ಗಾಳಿ ನೇರ ಹೊಡೆಯದ ಹಾಗೆ ಮರೆ ಕಟ್ಟಿ, ಒಣ ಹಾಸು ದಪ್ಪಗೆ ಹಾಕಿ, ಸಂಜೆ ಹೊಟ್ಟೆ ತುಂಬ ಮೇವು ಕೊಡಿ. ರಾತ್ರಿ ಪಕ್ಕದವಳ ಮೈಗೆ ಒತ್ತಿಕೊಂಡು ಮಲಗುತ್ತದೆ.